ಹಲ್ಲು ಹಾಕಿಕೊಂಡು ಕೇಳಿದ ಪ್ರಶ್ನೆ

ರಾಜ್ಯದ ಮೂರು ಅಂಗಗಳು ಒಂದನ್ನೊಂದು ಕೇಳಿ, ತಿಳಿದು, ಗೌರವಿಸಿ ನಡೆದಾಗ ಮಾತ್ರ ಪ್ರಜಾಪ್ರಭುತ್ವ ಬಾಳೀತು. ಈ ಘನವಾದ ತತ್ತ್ವವನ್ನು ನಾನು ಮೊದಲು ಕೇಳಿದ್ದು ಒಂದೂ ಹಲ್ಲಿಲ್ಲದ ಬಾಯಿಂದ. ಅರ್ಧ ತಿಳಿಯಲಿಲ್ಲ.

ನನ್ನ ಸೀನಿಯರ್ ವಕೀಲರ ಹಲ್ಲುಸೆಟ್ಟು ಮೇಜಿನ ಮೇಲೆ, ನೀರು ತುಂಬಿದ ಗಾಜಿನ ಲೋಟದಲ್ಲಿ ಕುಳಿತು ಕಕ್ಷಿದಾರರನ್ನು ನೋಡುತ್ತಿತ್ತು. ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯ ಮನೆಯ ಮುಂಗೋಣೆಯೇ ಅವರ ಆಫೀಸು. ಊಟಕ್ಕೂ ಆ ಹಲ್ಲು ಬೇಕಿರಲಿಲ್ಲ. ಅನ್ನವನ್ನು ಅವರ ಹೆಂಡತಿ, ನಮಗೆಲ್ಲ ಅಮ್ಮನವರು, ಮೆತ್ತಗೆ ಮಾಡುತ್ತಿದ್ದರು. ಅದು ಲೋಟದಿಂದ ಬಾಯಿಗೆ ಹೋಯಿತೆಂದರೆ ಯಾರಿಗೋ ಗ್ರಹಚಾರ ಕೆಟ್ಟಿದೆ ಎಂದು ನಾವು ತಿಳಿಯುತ್ತಿದ್ದೆವು.

ಯಾರಾದರೂ ನಮಸ್ಕಾರ ಎಂದರೆ ಅವರು ‘ಯಾಕೆ?’ ಎನ್ನುತ್ತಿದ್ದರು. ಹಾಲಿನವನು ಗಟ್ಟಿ ಹಾಲು ತಂದ ದಿನ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳಿದ್ದರು. ನನಗೆ ಕಲಿಸಿದ ಮೊದಲ ಪಾಠವೂ ಅದೇ ಜಾತಿಯದು: ‘ಎಲ್ರಿಗೂ ಅನುಕೂಲ ಅಂತ ಯಾರಾದ್ರೂ ಅಂದ್ರೆ, ಆ ಎಲ್ರಲ್ಲಿ ಮೊದಲ್ನೇವ್ನು ಯಾರು ಅಂತ ನೋಡಯ್ಯ.’

ಆಗ ನಮ್ಮ ಬಳಿ ಕಾಮಸಮುದ್ರದ ಕಡೆಯ ವಿಧವೆಯೊಬ್ಬಳ ದಾವೆ ಇತ್ತು. ಗಂಡ ತೋಡಿಸಿದ್ದ ಬಾವಿಯನ್ನು ಮೈದುನ ತನ್ನದೆನ್ನುತ್ತಿದ್ದ. ಅವಳ ಎರಡು ಹಸು, ಒಂದಿಷ್ಟು ತರಕಾರಿ ಮಡಿ, ಎಲ್ಲಕ್ಕೂ ಆ ನೀರೇ ಗತಿ. ಸಿವಿಲ್ ದಾವೆ ಕೇಳುತ್ತಿದ್ದ ಕೆ.ಜಿ.ಎಫ್.ನ ಮುನ್ಸೀಫರು ಖುದ್ದಾಗಿ ಬಂದು ಸ್ಥಳ ನೋಡಿದರು. ಎರಡೂ ಪಕ್ಷದವರು ಕೊಟ್ಟ ಮಜ್ಜಿಗೆಯನ್ನು ಬಿಟ್ಟು, ಮನೆಯಿಂದ ತಂದಿದ್ದ ನೀರು ಕುಡಿದರು. ಬಾವಿ ಕಟ್ಟೆಯಲ್ಲಿ ಹಗ್ಗ ಉಜ್ಜಿ ಸವೆದ ಗೆರೆಗಳೆಲ್ಲ ಅವಳ ಹೊಲದ ಕಡೆಯ ಕಲ್ಲಿನ ಮೇಲಿದ್ದವು. ಮೈದುನನ ಕಡೆಯ ಕಲ್ಲು ಮದುಮಗನ ಕೆನ್ನೆಯ ಹಾಗೆ ನುಣ್ಣಗಿತ್ತು. ಮುನ್ಸೀಫರು ಬಗ್ಗಿ ಒಂದು ಗೆರೆಯೊಳಗೆ ಬೆರಳಿಟ್ಟು ನೋಡಿದರು. ವಾಪಸು ಬರುವಾಗ ನಮ್ಮ ಸೀನಿಯರ್ ‘ಪರವಾಗಿಲ್ಲ’ ಎಂದರು. ಒಬ್ಬ ನ್ಯಾಯಾಧೀಶರ ಬಗ್ಗೆ ಅವರ ಬಾಯಿಂದ ಬಂದ ಅತಿ ದೊಡ್ಡ ಸ್ತುತಿ ಅದು.

ವಾದ ಮಾತ್ರ ಬಾಕಿ ಎನ್ನುವಾಗ ಸರ್ಕಾರದ ಪ್ರಕಟಣೆ ಬಂತು. ಕಾಮಸಮುದ್ರ ಹೋಬಳಿಯ ದಾವೆಗಳೆಲ್ಲ, ಅರ್ಧ ನಡೆದಿರುವವೂ ಸೇರಿ, ಇನ್ನು ಬಂಗಾರಪೇಟೆ ಕೋರ್ಟಿಗೆ. ಸಾರ್ವಜನಿಕರ ಅನುಕೂಲಕ್ಕಾಗಿ ಎಂದಿತ್ತು. ಕೋರ್ಟಿನ ಎಲ್ಲೆ ಬದಲಿಸುವ ಮುಂಚೆ ಹೈಕೋರ್ಟನ್ನು ಕೇಳಬೇಕೆಂದು ಕಾನೂನು. ಕೇಳಿದ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ವಾರ ಆಕೆ ಬಂದಳು.

‘ಸೋಮಿ, ನನ್ ಮೈದ ಬಾವಿ ಕಟ್ಟೆಗೆಲ್ಲ ಸಿಮೆಂಟು ಮೆತ್ತವ್ನೆ. ಗೆರೆ ಒಂದೂ ಕಾಣಲ್ಲ. ಬಂಗಾರಪೇಟೇಲಿರೋ ಜಡ್ಜು ಬಂದು ಏನ್ ನೋಡ್ತಾರೆ? ನನ್ ಕಲ್ಲು ಮುಟ್ಟಿ ನೋಡಿದ್ದು ಇಲ್ಲಿರೋರು.’

ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ. ನಮ್ಮ ಸೀನಿಯರ್ ಮೂಗು ಮೇಲೆತ್ತಿದರು.

‘ಪರ್ಮಿಟ್ಟು ಯಾರು ಕೊಡ್ಸಿದ್ರಮ್ಮ?’

‘ಯಾರೋ ಬಂಗಾರಪೇಟೆ ಲೀಡ್ರಂತೆ. ಇವನ್ ಎಂಡ್ರು ಕಡೆ ನೆಂಟ್ರು.’

ಕೈ ಲೋಟದೊಳಗೆ ಹೋಯಿತು. ಹಲ್ಲು ಬಾಯಿಗೆ ಬಂತು.

‘ಹೈಕೋರ್ಟನ್ನ ಕೇಳಿದ್ರಾ ಇವ್ರು?’

ಆ ಪ್ರಶ್ನೆ ನನ್ನನ್ನು ನೋಡಿ ಕೇಳಿದ್ದರಿಂದ ನಾನು ಉತ್ತರಿಸುವ ತಪ್ಪು ಮಾಡಿದೆ. ‘ಸರ್, ಹಾಗೆ ನೋಡಿದ್ರೆ ಕಾಮಸಮುದ್ರದವರಿಗೆ ಬಂಗಾರಪೇಟೆಯೇ ಅನುಕೂಲ. ತಾಲ್ಲೂಕು ಕಚೇರಿ ಅಲ್ಲೇ, ಬಸ್ಸೂ ಇದೆ.’

‘ನಿನ್ನ ಮಾವನ ಮನೆ ಎಲ್ಲಯ್ಯ?’

‘ಬಂಗಾರಪೇಟೆ.’

‘ಹೂಂ,’ ಎಂದರು. ಆ ಹೂಂಕಾರದ ನೆರಳಲ್ಲಿ ನಾನು ಬಹಳ ದಿನ ಬದುಕಿದೆ.

ಅನುಮಾನ ಅವರೊಬ್ಬರ ಸ್ವತ್ತಾಗಿರಲಿಲ್ಲ. ‘ಮುದುಕನಿಗೆ ಊರಿಗಾಂನಲ್ಲಿ ಬಂಗಾರಪೇಟೆ ರೈಲು ಹತ್ತಕ್ಕಾಗಲ್ಲ, ಅದಕ್ಕೇ ಸಂವಿಧಾನ ಹಿಡ್ಕೊಂಡಿದಾನೆ’ ಎಂದು ವಕೀಲರ ಕೋಣೆಯಲ್ಲಿ ನಗುತ್ತಿದ್ದರು. ನಾನೂ ಅರ್ಧ ನಂಬಿದೆ. ಒಂದು ಸಂಜೆ ಧೈರ್ಯ ಮಾಡಿ ಕೇಳಿಯೂ ಬಿಟ್ಟೆ.

‘ಮಂಡಿ ನೋಯೋದು ನಿಜ ಕಣಯ್ಯ,’ ಎಂದರು ಅವರು. ‘ಅನುಕೂಲವೋ ಅಲ್ವೋ ಅದು ಆಮೇಲೆ. ಯಾರ ಕೇಸು ಯಾವ ಜಡ್ಜಿ ನೋಡ್ಬೇಕು ಅನ್ನೋ ಗೆರೆ ಸರ್ಕಾರ ಒಂದೇ ಕೂತು ಎಳೀಬಹುದು ಅಂತಾದ್ರೆ, ನಾಳೆ ಕೇಸು ಸೋಲೋ ಹಾಗಿರೋವ್ನು ವಕೀಲನ ಹತ್ರ ಬರಲ್ಲ. ನಕ್ಷೆ ಬರೆಯೋವ್ನ ಹತ್ರ ಹೋಗ್ತಾನೆ.’

ಹೈಕೋರ್ಟಿಗೆ ಅರ್ಜಿ ಬರೆಯುವ ಸಂಭ್ರಮದಲ್ಲಿ ಸೀನಿಯರ್ ಕಾನೂನು ಪುಸ್ತಕದ ಬೀರುವನ್ನು ನಡುಮನೆಯಲ್ಲಿ ಅಮ್ಮನವರ ರೇಡಿಯೋ ಇದ್ದ ಮೂಲೆಗೆ ಸಾಗಿಸಿದರು. ಸಂಜೆ ಅಮ್ಮನವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಗಿಲಲ್ಲಿ ನಿಂತರು.

‘ಸರ್ಕಾರ ಕೇಳ್ಲಿಲ್ಲ ಅಂತ ಹೈಕೋರ್ಟಿಗೆ ಹೊರಟಿದೀರಿ. ಈ ಬೀರು ಇಲ್ಲಿಡೋಕೆ ನನ್ನ ಕೇಳಿದ್ರಾ?’

ಹಲ್ಲು ಲೋಟದಲ್ಲಿತ್ತು.

ಬೆಂಗಳೂರಿನಲ್ಲಿ ಸರ್ಕಾರದ ಕಡೆಯವರ ವಾದ ಇದು: ಬಂಗಾರಪೇಟೆಯ ಒಂದು ಸಮಾರಂಭದಲ್ಲಿ ಈ ಬದಲಾವಣೆಯನ್ನು ಭಾಷಣದಲ್ಲೇ ಹೇಳಲಾಗಿತ್ತು, ವೇದಿಕೆಯ ಮೇಲಿದ್ದ ನ್ಯಾಯಾಧೀಶರೊಬ್ಬರು ಚಪ್ಪಾಳೆ ತಟ್ಟಿದ್ದರು, ಆದ್ದರಿಂದ ಕೇಳಿದ್ದೂ ಆಯಿತು, ಅವರು ಒಪ್ಪಿದ್ದೂ ಆಯಿತು. ನಮ್ಮ ಸೀನಿಯರ್ ಎದ್ದು, ಆ ಚಪ್ಪಾಳೆ ಭಾಷಣ ಮುಗಿದದ್ದಕ್ಕೆ ಇರಬಹುದೆಂದು ಅತ್ಯಂತ ವಿನಯದಿಂದ ನಿವೇದಿಸಿಕೊಂಡರು. ಕೇಳುವುದೆಂದರೆ ಮುಂಚಿತವಾಗಿ, ವಿವರ ಕೊಟ್ಟು, ಉತ್ತರಕ್ಕೆ ಕಾಯುವುದು ಎಂದು ಹೇಳಿ ಹೈಕೋರ್ಟು ಪ್ರಕಟಣೆಯನ್ನು ರದ್ದು ಮಾಡಿತು.

ಗೆದ್ದು ಬಂದ ಮಾರನೆಯ ದಿನ ಅವರು ನನ್ನ ಕೈಲಿ ಬೀರುವನ್ನು ಮುಂಗೋಣೆಗೆ ವಾಪಸು ತರಿಸಿದರು. ಹಲ್ಲು ಹಾಕಿಕೊಂಡು ಅಮ್ಮನವರನ್ನು ಕರೆದರು.

‘ಈ ಬೀರುವನ್ನು ನಡುಮನೆಯ ಮೂಲೆಯಲ್ಲಿ ಇಡುವ ವಿಚಾರದಲ್ಲಿ ನಿನ್ನ ಅಭಿಪ್ರಾಯ ಏನು?’

‘ಬೇಡ.’

‘ಸರಿ, ಕೇಳಿದ್ದಾಯ್ತು. ಆ ಕಡೆ ಹಿಡಿಯಯ್ಯ.’

‘ಬೇಡ ಅಂದ್ರಲ್ಲ, ಸರ್.’

‘ಕೇಳ್ಬೇಕು ಅಂತ ಕಾನೂನು. ಒಪ್ಬೇಕು ಅಂತ ಎಲ್ಲಿದೆ?’

‘ನೋಡ್ತಿರಿ,’ ಎಂದರು ಅಮ್ಮನವರು, ‘ನಾಳೆ ಸರ್ಕಾರಾನೂ ಹೀಗೇ ಕೇಳುತ್ತೆ.’

ಬೀರುವಿನ ಒಂದು ತುದಿಯನ್ನು ಸೀನಿಯರ್ ಆಗಲೇ ಎತ್ತಿ ಹಿಡಿದಿದ್ದರು. ಅದನ್ನು ಮೆಲ್ಲಗೆ ಕೆಳಗಿಟ್ಟರು. ಬೀರು ಮುಂಗೋಣೆಯಲ್ಲೇ ಉಳಿಯಿತು.

ಪ್ರಕಟಣೆಯ ಹಿಂದೆ ಆ ಲೀಡರು ನಿಜಕ್ಕೂ ಇದ್ದನೇ ಎಂಬುದು ಕೊನೆಗೂ ತಿಳಿಯಲಿಲ್ಲ. ಇದ್ದ ಎಂದೇ ನನ್ನ ಅನುಮಾನ. ಅನುಮಾನಪಡುವುದನ್ನೂ, ಅನುಮಾನ ಬಂದರೆ ಮೊದಲು ‘ಯಾರನ್ನು ಕೇಳಿದರು?’ ಎಂದು ವಿಚಾರಿಸುವುದನ್ನೂ ಕಲಿಸಿದವರು ನಮ್ಮ ಸೀನಿಯರ್. ಅದರಿಂದಲೇ ನಾನು ಇಷ್ಟು ವರ್ಷ ಅನ್ನ ತಿಂದೆ.

ಅವರು ನಿದ್ದೆಯಲ್ಲೇ ತೀರಿಕೊಂಡರು. ಹಲ್ಲು ಲೋಟದಲ್ಲಿತ್ತು. ಹಾಕಿ ಕಳಿಸಬೇಕೋ ಬೇಡವೋ ಎಂದು ಅಮ್ಮನವರು ನನ್ನನ್ನು ಕೇಳಿದರು. ಹಾಕಿಬಿಡೋಣ ಎಂದೆ.

‘ಹೌದಪ್ಪ,’ ಎಂದರು. ‘ನನ್ನ ಕೇಳ್ದೆ ಯಾಕೆ ಕರೆಸ್ಕೊಂಡ್ರಿ ಅಂತ ಅಲ್ಲೂ ಜಗಳ ತೆಗೀತಾರೆ.’

ಅಷ್ಟು ಹೊತ್ತಿಗೆ ಮುನ್ಸೀಫರ ತೀರ್ಪು ಬಂದು ಬಾವಿ ಆ ವಿಧವೆಗೆ ಉಳಿದಿತ್ತು. ಸರ್ಕಾರ ಹೈಕೋರ್ಟನ್ನು ಕ್ರಮವಾಗಿ ಕೇಳಿತ್ತು. ಹೈಕೋರ್ಟು ಅಡ್ಡಿಯಿಲ್ಲ ಎಂದಿತ್ತು. ಕಾಮಸಮುದ್ರ ಹೋಬಳಿ ಬಂಗಾರಪೇಟೆ ಕೋರ್ಟಿಗೆ ಸೇರಿತು.