ಕಾಟಿನ ಸರಳು, ಕೊರಳಿನ ದಾರ

ನನ್ನ ಮಗಳು ಹುಟ್ಟಿದಾಗಿನಿಂದಲೂ ಇಟ್ಟಲ್ಲಿ ಇದ್ದವಳಲ್ಲ. ತಲೆ ಈ ಕಡೆ ಮಾಡಿ ಮಲಗಿಸಿದರೆ ಏಳುವಾಗ ಅಲ್ಲಿ ಕಾಲಿರುತ್ತಿತ್ತು. ಕುಣಿಗಲ್‌ನ ತವರಿನಲ್ಲಿ ಬಾಣಂತನ ಮುಗಿಯುವವರೆಗೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅಲ್ಲಿ ನಡುಮನೆಯ ತೊಲೆಗೆ ನೇತುಹಾಕಿದ ಆಳವಾದ ತೊಟ್ಟಿಲಿತ್ತು, ತೂಗುವುದಕ್ಕೆ ನಮ್ಮಮ್ಮ ಇದ್ದಳು. ಅಯ್ಯನವರು ಬಂದು ಮಗುವಿಗೆ ಲಿಂಗಧಾರಣೆ ಮಾಡಿದ ಮೇಲೆ, ಲಿಂಗವಿದ್ದ ಪುಟ್ಟ ಬೆಳ್ಳಿ ಕರಡಿಗೆಯನ್ನು ತೊಟ್ಟಿಲ ಸರಪಳಿಗೆ, ಅವಳ ಕೈಗೆ ಎಟುಕದಷ್ಟು ಮೇಲೆ ಕಟ್ಟಿದ್ದರು. ನಮ್ಮ ಮನೆಗಳಲ್ಲಿ ಕೂಸುಗಳಿಗೆ ಹಾಗೆಯೇ. ನಡೆದಾಡುವಂತಾದ ಮೇಲೆ ಲಿಂಗ ಕೊರಳಿಗೆ ಬರುತ್ತದೆ.

ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ತೊಲೆಯೂ ಇಲ್ಲ, ಕೊಂಡಿಯೂ ಇಲ್ಲ. ಗೋಡೆಗೆ ಒಂದು ಮೊಳೆ ಹೊಡೆದರೂ ಓನರ್ ಮೆಟ್ಟಿಲು ಹತ್ತಿ ಬರುತ್ತಾರೆ. ಹಾಗಾಗಿ ನಾಲ್ಕೂ ಕಡೆ ಮರದ ಸರಳಿರುವ ಕಾಟ್ ತಂದೆವು. ನನ್ನ ರಜೆ ಮುಗಿದು, ಊರಂಚಿನ ಸತ್ಯಮಂಗಲದ ಫ್ಯಾಕ್ಟರಿಯ ಆಫೀಸಿಗೆ ನಾನು ಮತ್ತೆ ಹೋಗಬೇಕಾಗಿತ್ತು. ಮಗು ನೋಡಿಕೊಳ್ಳಲು ಗುಬ್ಬಿಯಿಂದ ನಮ್ಮತ್ತೆ ಬಂದರು. ಬಾಗಿಲಲ್ಲಿ ಬ್ಯಾಗ್ ಇಟ್ಟವರೇ ಕಾಟನ್ನು ಒಂದು ಸುತ್ತು ನೋಡಿದರು.

"ಏನ್ ತಪ್ ಮಾಡ್ತು ಅಂತ ಮಗೀನ ಜೈಲಿಗೆ ಹಾಕಿದೀರಾ?"

"ಬಿದ್ದು ತಲೆ ಒಡ್ಕೊಳ್ಳೋದಕ್ಕಿಂತ ಜೈಲೇ ವಾಸಿ ಅತ್ತೆ," ಎಂದೆ.

ಅತ್ತೆ ಕೆಟ್ಟವರಲ್ಲ, ಆದರೆ ಒಂದು ಮಾತಿಗೆ ಸುಮ್ಮನಾಗುವವರೂ ಅಲ್ಲ. ನಾನಂತೂ ಮೊದಲೇ ಮುಂಗೋಪಿ. ಹಾಸಿಗೆ ಕಾಟಿಗೆ ಬಿಗಿಯಾಗಿ ಕೂರಬೇಕು, ಅದರ ಮೇಲೆ ಒಂದು ಹತ್ತಿ ಬಟ್ಟೆ ಬಿಟ್ಟರೆ ದಿಂಬು, ದುಪ್ಪಟಿ, ಗೊಂಬೆ ಯಾವುದೂ ಇರಬಾರದು, ಮಗುವನ್ನು ಅಂಗಾತ ಮಲಗಿಸಬೇಕು ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ನಾನು ಅದನ್ನು ಚಾಚೂ ತಪ್ಪದೆ ಮಾಡುತ್ತಿದ್ದೆ. ಅತ್ತೆ ತಲೆ ದುಂಡಗಾಗಲಿ ಎಂದು ರಾಗಿ ದಿಂಬು ಇಡುತ್ತಿದ್ದರು. ಸರಳು ತಾಗೀತೆಂದು ಸುತ್ತಲೂ ಹಳೆ ಸೀರೆ ಮಡಚಿ ತುರುಕುತ್ತಿದ್ದರು. ಸಂಜೆ ಬಂದು ನಾನು ಎಲ್ಲವನ್ನೂ ಎತ್ತಿ ಬೀರುವಿಗೆ ಹಾಕುತ್ತಿದ್ದೆ. ಬೆಳಗ್ಗೆ ನಾನು ಬಸ್ ಹತ್ತಿದ ಮೇಲೆ ಅವು ಮತ್ತೆ ಕಾಟಿಗೆ ಬರುತ್ತಿದ್ದವು. ಕೊನೆಗೆ ನನ್ನ ಗಂಡ, "ಅಮ್ಮ, ಡಾಕ್ಟ್ರು ಬೈತಾರೆ ಕಣಮ್ಮ," ಎಂದ ಮೇಲೆ ದಿಂಬು, ಸೀರೆ ನಿಂತವು. ನಾನು ನೂರು ಸಲ ಹೇಳಿದ್ದು ಮಾತಲ್ಲ, ಮಗ ಒಂದು ಸಲ ಹೇಳಿದ್ದು ಮಾತು!

ನಿಲ್ಲದೆ ಹೋದದ್ದು ಲಿಂಗದ ವಿಷಯ. ಕಾಟಿಗೆ ಸರಪಳಿಯಿಲ್ಲವಲ್ಲ, ಅತ್ತೆ ಕರಡಿಗೆಯನ್ನು ಸರಳಿಗೆ ಕಟ್ಟಿದರು. ಮಗು ಅರ್ಧ ಗಂಟೆಯಲ್ಲಿ ಅದನ್ನು ಎಳೆದು ಬಾಯಿಗಿಟ್ಟುಕೊಂಡಿತು. "ಅಯ್ಯೋ ಶಿವನೇ, ಎಂಜ್ಲು ಮಾಡ್ಬುಡ್ತಲ್ಲಾ!" ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಮಾರನೆಯ ದಿನ, ಮಗು ಇನ್ನೂ ನಡೆಯದಿದ್ದರೂ, ಅದು ಶಿವದಾರದ ಸಮೇತ ಮಗುವಿನ ಕೊರಳಿನಲ್ಲಿತ್ತು. ಆಗ ಮಗಳು ಸರಳು ಹಿಡಿದು ಎದ್ದು ನಿಲ್ಲಲು ಶುರು ಮಾಡಿದ್ದಳು. ನಿಲ್ಲುವುದು, ಕುಕ್ಕರಿಸುವುದು, ಗರ್ರನೆ ತಿರುಗುವುದು, ದಿನವೆಲ್ಲ ಇದೇ. ಆ ಕೊರಳಿನ ದಾರದ ಕೆಳಗೆ ಬೆರಳು ತೂರಿಸಿ ಅತ್ತೆಗೆ ತೋರಿಸಿದೆ.

"ಕಾಟಲ್ಲಿ ಇರೋವಾಗ ಬೇಡ ಅತ್ತೆ. ಎಲ್ಲಾದ್ರೂ ಸಿಕ್ಕಾಕೊಂಡ್ರೆ?"

"ಲಿಂಗ ಕಾಯುತ್ತೆ ಕಣಮ್ಮ, ಕೊಲ್ಲುತ್ತಾ? ಮೈಯಿಂದ ತೆಗೆಯೋ ಹಂಗಿಲ್ಲ. ನನ್ ಮದುವೆ ಆದಾಗ್ಲಿಂದ ಒಂದಿನ ತೆಗ್ದಿಲ್ಲ ನಾನು."

ನನ್ನ ಕೊರಳಿನಲ್ಲೂ ಲಿಂಗವಿದೆ. ಅದನ್ನು ಬಿಟ್ಟು ನಾನೂ ಊಟ ಮಾಡಿದವಳಲ್ಲ. ಆದರೂ ಮನೆಯಲ್ಲಿದ್ದಾಗ ಮಗುವಿನದನ್ನು ಬಿಚ್ಚಿ ದೇವರ ಗೂಡಿನಲ್ಲಿಡುತ್ತಿದ್ದೆ, ಅವರು ತೆಗೆದು ಕಟ್ಟುತ್ತಿದ್ದರು.

ಅದೊಂದು ಭಾನುವಾರದ ಬೆಳಗ್ಗೆ. ನಾನು ಟೆರೇಸಿನಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಗಂಡ ಸಂತೆಗೆ ಹೋಗಿದ್ದ. ಅತ್ತೆ ಕಾಟಿನ ಪಕ್ಕ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೆಳಗಿನಿಂದ ನನ್ನ ಹೆಸರು ಕೇಳಿಸಿತು. ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯುವವರೇ ಅಲ್ಲ. ಬಕೆಟ್ ಬಿಟ್ಟು ಓಡಿದೆ.

ಕಾಟಿನ ಮೂಲೆಯ ಸರಳಿನ ತುದಿಯಲ್ಲಿದ್ದ ಮರದ ಗುಂಡಿಗೆ ದಾರ ಸಿಕ್ಕಿಕೊಂಡಿತ್ತು. ಮಗು ಅಲ್ಲೇ ತಿರುಗಿ ತಿರುಗಿ ಅದನ್ನು ಕತ್ತಿನ ಹಿಂದೆ ಹುರಿ ಮಾಡಿಬಿಟ್ಟಿತ್ತು. ಮುಖ ಕೆಂಪಾಗಿತ್ತು, ಬಾಯಿ ತೆರೆದಿತ್ತು, ಅಳು ಬರುತ್ತಿರಲಿಲ್ಲ. ಅತ್ತೆ ಒಂದು ಕೈಯಲ್ಲಿ ಅವಳನ್ನು ಮೇಲೆತ್ತಿ ಹಿಡಿದು, ಬಗ್ಗಿ, ಆ ದಾರವನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದರು. ನಾನು ಮಗುವಿನ ಮೈ ಹಿಡಿಯುವಷ್ಟರಲ್ಲಿ ದಾರ ಹರಿಯಿತು. ಕರಡಿಗೆ ಅವರೆ ಸಿಪ್ಪೆಯ ಮೇಲೆ ಬಿತ್ತು. ಆಮೇಲೆ ಮಗು ಅತ್ತಿತು. ಅಷ್ಟು ಚೆಂದದ ಅಳು ನಾನು ಕೇಳಿಯೇ ಇಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಕೊರಳಿನ ಕೆಂಪು ಗೆರೆ ನೋಡಿ, ಟಾರ್ಚ್ ಬಿಟ್ಟು ಬಾಯಿ ನೋಡಿ, ಏನೂ ಆಗಿಲ್ಲ ಎಂದರು. ದಾರಿಯುದ್ದಕ್ಕೂ ನಾನು ಅತ್ತೆಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಒಂದೊಂದೂ ಚಾಕುವಿನಂಥ ಮಾತು. ಮನೆಗೆ ಬಂದರೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಎರಡೂ ಅಂಗೈ ಸೇರಿಸಿ ಅದರೊಳಗೆ ಕರಡಿಗೆ ಇಟ್ಟುಕೊಂಡಿದ್ದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಇನ್ಮೇಲೆ ಅವಳ ಕೊರಳಿಗೆ ಏನೂ ಕಟ್ಟೋದು ಬೇಡ."

ಮಧ್ಯಾಹ್ನ ತಟ್ಟೆ ಇಟ್ಟರೆ ಅತ್ತೆ ಬೇಡವೆಂದರು. ಮಗುವಿನ ಲಿಂಗ ದಾರ ಹರಿದು ಮೈ ಬಿಟ್ಟಿದೆ, ಅದು ಮತ್ತೆ ಮೈ ಸೇರುವವರೆಗೆ ತಮಗೆ ತುತ್ತು ಇಳಿಯುವುದಿಲ್ಲ ಎಂದರು. ಮಗ ಗೋಗರೆದರೂ ನೀರನ್ನೂ ಮುಟ್ಟಲಿಲ್ಲ. ನನಗೆ ಕೋಪ ಉಕ್ಕಿತು, ಅದರ ಹಿಂದೆಯೇ ಭಯವೂ. ಶುಗರ್ ಇರುವ ಹೆಂಗಸು. ಇವರು ಹೀಗೇ ಕೂತರೆ ನಾನೇ ಸೋತು, ‘ಕಟ್ಟಿ, ಹೋಗಿ’ ಎಂದುಬಿಡುತ್ತೇನೇನೋ ಎಂಬ ಭಯ. ಮಗಳನ್ನು ಕಾಟಿನಲ್ಲಿ ಮಲಗಿಸಿ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತೆ.

ಹೊತ್ತು ಇಳಿಯುವ ಮುಂಚೆ ಅತ್ತೆ ಎದ್ದು ಸ್ನಾನ ಮಾಡಿದರು. ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರು. ಮೊದಲು ತಮ್ಮ ಲಿಂಗ ಅಂಗೈಗೆ ತೆಗೆದುಕೊಂಡು ಪೂಜೆ ಮಾಡಿದರು, ಆಮೇಲೆ ಮಗುವಿನದನ್ನು. ಹೊಸ ಶಿವದಾರ ತೆಗೆದು ಆ ಪುಟ್ಟ ಕರಡಿಗೆಗೆ ಪೋಣಿಸಿದರು. ನಾನು ಕುರ್ಚಿ ಬಿಟ್ಟು ಎದ್ದೆ. ಅವರು ಅದನ್ನು ತಮ್ಮ ಕೊರಳಿಗೇ ಕಟ್ಟಿಕೊಂಡು ಸೆರಗು ಹೊದ್ದರು.

"ಅನ್ನ ಹಾಕಮ್ಮ, ಹಸೀತೈತೆ," ಎಂದರು.

ಬಡಿಸುತ್ತಾ ನನಗೆ ಅಳು ಬಂತು. ಅವರು ಸಾರು ಚೆನ್ನಾಗಿದೆ ಎಂದರು.

ಮುಂದಿನ ತಿಂಗಳು ಗುಬ್ಬಿಯಲ್ಲಿ ಅವರ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹೋದೆವು. ಪಂಕ್ತಿಯಲ್ಲಿ ಕೂತಾಗ ಅವರ ಅತ್ತಿಗೆ, ನಮ್ಮತ್ತೆಗಿಂತ ಹಿರಿಯರು, ಸೆರಗಿನ ಸಂದಿಯಲ್ಲಿ ಎರಡು ಕರಡಿಗೆ ಕಂಡು ಅತ್ತೆಯ ಕೈ ತಡೆದರು. "ಏನೇ ಇದು?"

"ಒಂದು ನಂದು. ಇನ್ನೊಂದು ನನ್ ಮೊಮ್ಮಗಳ್ದು."

"ಒಬ್ರುದ್ದನ್ನ ಇನ್ನೊಬ್ರು ಕಟ್ಕೊಳ್ಳೋದು ಎಲ್ಲಾರ ಉಂಟೇನೇ? ಅಯ್ಯನೋರ್ನ ಕೇಳ್ದಾ? ತಪ್ಪು ಕಣೇ ಅದು."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು ಎಲೆಯ ಕಡೆ ತಿರುಗಿದರು.

"ತಪ್ಪಿದ್ರೆ ನನ್ ಕೊರಳಿಗೇ ಬರ್ಲಿ ಬುಡು ಅತ್ಗೆ," ಎಂದರು. "ಆ ಮಗೀನ್ ಕೊರಳಿಗ್ ಬ್ಯಾಡ."