ಹಳ್ಳದ ಸಾಲಿನ ಮೂಲೆ ಪ್ಲಾಟು

ಗಡಹಿಂಗ್ಲಜದಲ್ಲಿ ಬಾಳವ್ವನ ಕೌದಿ ಹೊದೆಯದೆ ಚಳಿಗಾಲ ಕಳೆದವರು ಕಡಿಮೆ. ಹಳೆಯ ಸೀರೆ, ಧೋತರ, ಅಂಗಿ, ಏನು ಕೊಟ್ಟರೂ ಪದರಪದರವಾಗಿ ಹಾಸಿ ಹೊಲಿದು, ಹೊದ್ದವರಿಗೆ ಬೆಳಗ್ಗೆ ಏಳಲು ಮನಸ್ಸೇ ಬಾರದಂಥ ಕೌದಿ ಮಾಡಿಕೊಡುತ್ತಿದ್ದಳು. ಬಾಯಿಯೂ ಸೂಜಿಯಷ್ಟೇ ಚುರುಕು. ಗಂಡ ಭರಮಪ್ಪ ಶಿರೋಳಿಯ ಕಬ್ಬಿಣದ ಫೌಂಡ್ರಿಯಲ್ಲಿದ್ದ, ಶನಿವಾರ ಸಂಜೆಯ ಎಸ್‌ಟಿ ಬಸ್ಸಿಗೆ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದ. ಅವನು ವಾರವಿಡೀ ಆಡಬೇಕಾದ ಮಾತನ್ನೂ ಇವಳೇ ಆಡಿ ಮುಗಿಸಿರುತ್ತಾಳೆಂದು ಓಣಿಯವರು ನಗುತ್ತಿದ್ದರು.

ಮದುವೆಯಾದಾಗಿನಿಂದ ಬಾಡಿಗೆಯ ಒಂದೇ ಖೋಲಿ. ಹೊಲಿಯಲು ಕೌದಿ ಹಾಸಿದರೆ ಒಲೆ ಹಚ್ಚಲು ಜಾಗವಿಲ್ಲ, ಒಲೆ ಹಚ್ಚಬೇಕೆಂದರೆ ಕೌದಿ ಮಡಿಚಬೇಕು. ಸ್ವಂತದ್ದೊಂದು ಮನೆ, ಅದರಲ್ಲಿ ಕೌದಿಯನ್ನು ಪೂರ್ತಿ ಬಿಡಿಸುವಷ್ಟು ಪಡಸಾಲೆ. ಅವಳು ದೇವರಲ್ಲಿ ಬೇಡಿದ್ದು ಇಷ್ಟೇ, ಪಾಪ.

ಎಪ್ಪತ್ತೆಂಟನೆಯ ಇಸವಿಯಲ್ಲಿ ದೇವರು ಆಬಾಸಾಹೇಬನ ರೂಪದಲ್ಲಿ ಬಂದ. ಬಾಳವ್ವನ ಖೋಲಿಯ ಹಿಂದೆ, ಎರಡು ಓಣಿಗಳ ನಡುವೆ, ಹಳ್ಳದವರೆಗೆ ಖಾಲಿ ಬಿದ್ದಿದ್ದ ಜಾಗ ಅವನದು. ಅಲ್ಲಿ ಪ್ಲಾಟು ಹಾಕಿ ಮಾರಲು ಅರ್ಜಿ ಕೊಟ್ಟು, ಸುಣ್ಣದ ಗೆರೆಯನ್ನೂ ಎಳೆಸಿದ್ದ. ನೆರೆಯವರು ತಕರಾರು ತೆಗೆದರೆ ಮಂಜೂರಿ ಸಿಗುವುದು ಕಷ್ಟ, ಓಣಿಯಲ್ಲಿ ತಕರಾರು ತೆಗೆಯಬಲ್ಲ ಬಾಯಿ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಳ್ಳದ ಸಾಲಿನ ಮೂಲೆ ಪ್ಲಾಟನ್ನು ಅಗ್ಗದಲ್ಲಿ, ಕಂತಿನ ಮೇಲೆ ಅವಳಿಗೇ ಕೊಡುವುದಾಗಿ ಮಾತು ಕೊಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ಬಾಳವ್ವ ಅಂದೇ ಹೋಗಿ ಗೆರೆಯೊಳಗೆ ನಿಂತು, ಒಲೆ ಎಲ್ಲಿ, ತುಳಸಿ ಎಲ್ಲಿ ಎಂದು ತೀರ್ಮಾನಿಸಿ ಬಂದಳು.

ಜಾಗ ಮನೆ ಕಟ್ಟಲು ಯೋಗ್ಯವೋ ಅಲ್ಲವೋ ಎಂದು ನೋಡಲು ಮುನ್ಸಿಪಾಲಿಟಿಯ ಓವರ್‌ಸಿಯರ್ ಜಿನದತ್ತ ಬರುವುದಾಯಿತು. ಆಬಾಸಾಹೇಬ ಜಿನದತ್ತನಿಗೆ ಬಿಡುವಿದ್ದ ದಿನವನ್ನು ಕೇಳಿದನೇ ಹೊರತು ಮನೆಯ ಹೆಂಗಸರನ್ನು ಕೇಳಲಿಲ್ಲ. ಅದು ನವರಾತ್ರಿಯ ಘಟ ಕೂರಿಸುವ ಮುಂಚಿನ ವಾರ. ಆ ವಾರ ಈ ಸೀಮೆಯ ಮನೆಗಳಲ್ಲಿ ಹಾಸಿಗೆ ಹೊದಿಕೆ ಒಂದೂ ಒಳಗಿರುವುದಿಲ್ಲ, ಎಲ್ಲವೂ ನೀರು ಕಾಣಲೇಬೇಕು.

ಜಿನದತ್ತ ಟೇಪು ಹಿಡಿದು ಬಂದಾಗ ಸುಣ್ಣದ ಗೆರೆಯೇ ಕಾಣಲಿಲ್ಲ. ಹಳ್ಳದಿಂದ ಓಣಿಯವರೆಗೆ ಒಗೆದ ಕೌದಿಗಳು ಒಣಗುತ್ತಿದ್ದವು. ಅಲ್ಲಿಗೆ ನಾಯಿಯೂ ಹಾಯುವುದಿಲ್ಲವೆಂದು ಹೇಳಿಕೊಂಡು ಬಂದಿದ್ದ ಆಬಾಸಾಹೇಬ ಸಿಟ್ಟಿನಿಂದ ಒಂದನ್ನು ಎತ್ತಿ ಎಸೆಯಹೋದ. ನೋಡಿದರೆ ಅವನ ತಾಯಿಯದೇ ಕೌದಿ. ಮುದುಕಿ ಅಲ್ಲೇ ಹಳ್ಳದಲ್ಲಿ ಕಾಲಿಳಿಬಿಟ್ಟು ಕೂತು ಇವನನ್ನೇ ನೋಡುತ್ತಿದ್ದಳು. ತೆಪ್ಪಗೆ ಮತ್ತೆ ಹಾಸಿ, ಸುಕ್ಕನ್ನೂ ಸವರಿದ.

ಜಿನದತ್ತ ನಿಧಾನದ ಮನುಷ್ಯ. ಮಳೆಗಾಲದಲ್ಲಿ ಹಳ್ಳದ ನೀರು ಎಲ್ಲಿಯವರೆಗೆ ಏರುತ್ತದೆ, ಬಂಡಿ ತಿರುಗಲು ರಸ್ತೆ ಸಾಕೇ, ಗಟಾರದ ನೀರು ಎತ್ತ ಹೋಗುತ್ತದೆ ಎಂದೆಲ್ಲ ನೋಡಿ, ಯಾವುದಕ್ಕೂ ಅಡ್ಡಿಯಿಲ್ಲವೆಂದ. ಕೊನೆಗೆ ಹೆಂಗಸರನ್ನು ಕೇಳಿದ, ಯಾರದಾದರೂ ತಕರಾರು ಇದೆಯೇ ಎಂದು.

ಯಾರೂ ತುಟಿ ಬಿಚ್ಚಲಿಲ್ಲ. ಬಾಳವ್ವನ ಪ್ಲಾಟಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಅವಳ ಆಸೆಗೆ ಕಲ್ಲು ಹಾಕಲು ಯಾರಿಗೂ ಮನಸ್ಸಿರಲಿಲ್ಲ. ಅವರು ಬೈದಿದ್ದರೆ ಬಾಳವ್ವ ಎರಡು ಪಟ್ಟು ಬೈದು ಪ್ಲಾಟು ಹಿಡಿದುಕೊಳ್ಳುತ್ತಿದ್ದಳು. ಅವರು ಸುಮ್ಮನಿದ್ದದ್ದೇ ಕಷ್ಟವಾಯಿತು. ನೆರೆಮನೆಯ ಸಾವಿತ್ರವ್ವ, ನೀರು ಹೀರಿ ಹೆಣಭಾರವಾದ ಕೌದಿಯ ಒಂದು ತುದಿ ಹಿಡಿದಿದ್ದಳು, ಹಿಂಡಲು ಇನ್ನೊಂದು ತುದಿ ಬಾಳವ್ವನ ಕೈಯಲ್ಲಿತ್ತು.

"ಪ್ಲಾಟ್ ಹಾಕ್ರಿ ಸಾಹೇಬ್ರ," ಎಂದಳು ಬಾಳವ್ವ. "ಆದ್ರ ಹಳ್ಳದ ಕಡೀ ಸಾಲು ಬಿಡ್ರಿ. ಅಲ್ಲಿ ಮನಿ ಎದ್ದೂ ಅಂದ್ರ ಈ ಹೆಣ್ಮಕ್ಕಳು ದೂರದ ಹೊಳೀತನಕ ಹಾಸಿಗಿ ಹೊರಬೇಕಾಕ್ಕೈತಿ."

"ಆ ಸಾಲಿನ್ಯಾಗ ನಿಮ್ಮದೂ ಒಂದ್ ಪ್ಲಾಟ್ ಐತಿ ಅಂದ್ರಲ್ಲ ಆಬಾಸಾಹೇಬ್ರು?" ಎಂದ ಜಿನದತ್ತ.

"ಹೌದ್ರಿ, ಮೂಲೀದು. ಅದನ್ನೂ ಬಿಡ್ರಿ."

ಆಬಾಸಾಹೇಬ ತಾಯಿಯತ್ತ ನೋಡಿ, ಬಾಯಿಗೆ ಬಂದ ಮಾತನ್ನು ನುಂಗಿದ. ಜಿನದತ್ತ ಹಳ್ಳದ ಸಾಲನ್ನು ಕೈಬಿಟ್ಟು ಉಳಿದದ್ದಕ್ಕೆ ಶಿಫಾರಸು ಮಾಡಿದ. ಅವಸರದಲ್ಲಿ ದಾನಶೂರಳಾದೆಯಲ್ಲ ಎಂದು ಯಾರೋ ಕೆಣಕಿದ್ದಕ್ಕೆ, ಒಗೆಯಲು ಜಾಗವಿಲ್ಲದ ಊರಿನಲ್ಲಿ ಕೌದಿ ಹೊಲಿಸುವವರು ಯಾರು, ನನ್ನ ದಂಧೆ ಉಳಿಸಿಕೊಂಡೆನಷ್ಟೇ ಎಂದು ಬಾಳವ್ವ ಗತ್ತಿನಿಂದ ಹೇಳಿದಳು. ಓಣಿ ನಂಬಿತು. ನಾನಂತೂ ನಂಬುವುದಿಲ್ಲ.

ಶನಿವಾರ ಸಂಜೆ ಭರಮಪ್ಪ ಎಸ್‌ಟಿಯಿಂದ ಇಳಿದ. ಬಸ್ಸಿನ ಮೇಲಿನಿಂದ ಕಂಡಕ್ಟರನು ಅವನ ಕೈಗೆ ಕಬ್ಬಿಣದ ಕಿಟಕಿಯೊಂದನ್ನು ಇಳಿಸಿಕೊಟ್ಟ. ಹೊಸ ಮನೆಗೆಂದು ಮಿಕ್ಕಿದ ಕಬ್ಬಿಣ ಕೂಡಿಸಿ, ಬಿಡುವಿನ ಹೊತ್ತಿನಲ್ಲಿ ತಾನೇ ಮಾಡಿದ್ದ. ಅದನ್ನು ಹೊತ್ತು ಮನೆಗೆ ಬಂದು ಗೋಡೆಗೆ ಒರಗಿಸಿ, ಅವಳೇನು ಹೇಳುವಳೋ ಎಂದು ನಗುತ್ತ ನಿಂತ. ಬಾಳವ್ವ ನಡೆದದ್ದೆಲ್ಲ ಹೇಳಿ, ದಂಧೆಯ ಮಾತನ್ನೂ ಒಪ್ಪಿಸಿದಳು.

ಅವನು ಕಿಟಕಿ ಜಾರದಂತೆ ಗೋಡೆಗೆ ಇನ್ನಷ್ಟು ಒತ್ತಿ ನಿಲ್ಲಿಸಿದ. ಆಮೇಲೆ, "ಖರೇ ಹೇಳು," ಎಂದ.

ಬಾಳವ್ವ ಕಿಟಕಿಯ ಸರಳು ಹಿಡಿದು ಕೆಳಗೆ ಕೂತಳು. "ನನಗ ಆ ಮನಿ ಭಾಳ ಬೇಕಾಗಿತ್ರಿ," ಎಂದವಳೇ ಅಳತೊಡಗಿದಳು.