ಹರಳೆಣ್ಣೆಯ ಕೈ

ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಯಲು ಇಟ್ಟಾಗ ಏಳುವ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಇವತ್ತು ಬೆಳಿಗ್ಗೆ ಹಿತ್ತಲಿನ ಒಲೆಯ ಮೇಲೆ ಅದನ್ನು ಇಟ್ಟಿದ್ದೆ. ನಮ್ಮ ಯಜಮಾನರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, "ಅಂಗ್ಡೀಲಿ ಬಾಟ್ಲೀಲೇ ಸಿಕ್ತದಲ್ಲ, ಇದೇನ್ ಕರ್ಮ ನಿಂದು?" ಅಂದು ಹೊರಗೆ ಹೋದರು. ಬಾಟಲಿಯನ್ನೂ ತಂದು ನೋಡಿದ್ದಾಗಿತ್ತು. ಹೋದ ವಾರ ಕೃಷ್ಣರಾಜಪೇಟೆಗೆ ಮದುವೆಗೆ ಹೋದವಳು ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕೊಂಡಿದ್ದೆ. ಅದು ನೀರಿನ ಹಾಗೆ ತಿಳಿಯಾಗಿತ್ತು, ವಾಸನೆಯೇ ಇರಲಿಲ್ಲ. ನಮ್ಮ ಹಸು ಗೌರಿ ಅದನ್ನು ಮೂಸಿ ಮುಖ ತಿರುಗಿಸಿದಳು.

ಇಷ್ಟಕ್ಕೆಲ್ಲ ಕಾರಣ ನನ್ನ ಕೈ. ಶಾಲೆಯ ಬಿಸಿಯೂಟದ ಅಡುಗೆ ನನ್ನದು. ಅಡುಗೆ ಮಾಡುವುದು ಕಷ್ಟವಲ್ಲ, ಆಮೇಲೆ ಆ ದೊಡ್ಡ ಪಾತ್ರೆಗಳನ್ನು ಪೌಡರು ಹಾಕಿ ಉಜ್ಜುವುದಿದೆಯಲ್ಲ, ಅದು ಕಷ್ಟ. ಈ ಮಾಗಿಯ ಚಳಿಗೆ ಬೆರಳ ಸಂದಿಯೆಲ್ಲ ಒಡೆದು, ಉಪ್ಪು ಮುಟ್ಟಿದರೆ ಜೀವ ಹೋಗುವಂತಾಗಿದೆ. ಆ ಕೈಯಲ್ಲಿ ಕೆಚ್ಚಲು ಹಿಡಿದರೆ ಗೌರಿ ಸುಮ್ಮನಿರುತ್ತಾಳೆಯೇ? ಮೂರು ದಿನದಿಂದ ಒದೆಯುತ್ತಿದ್ದಳು. ಎಣ್ಣೆ ನೀರಿನ ಮೇಲೆ ತೇಲಿ ಬರುವುದನ್ನು ನೋಡುತ್ತ ಕುಳಿತಿದ್ದೆ... ಪಕ್ಕದ ಮನೆಯ ಅಕ್ಕ ನೆನಪಾದಳು. ನೆನಪಾದಳು ಅನ್ನುವುದಕ್ಕಿಂತ ಗೋಡೆಯಾಚೆ ಬಂದು ನಿಂತಳು ಅಂದರೇ ಸರಿ.

ನಾನು ಕಿರಂಗೂರಿಗೆ ಸೊಸೆಯಾಗಿ ಬಂದಾಗ ಈ ಊರಿನಲ್ಲಿ ಮೊದಲು ನನ್ನನ್ನು ಮಾತಾಡಿಸಿದವಳು ಅವಳು. ನಾಗಮಂಗಲದ ಕಡೆಯವಳು. ಇಲ್ಲಿ ನಾಲೆಯ ನೀರು, ಭತ್ತ, ಕಬ್ಬು. ಅವಳ ತವರಿನಲ್ಲಿ ಮಳೆ ನಂಬಿದ ರಾಗಿ ಹೊಲ, ಬದುವಿನ ಉದ್ದಕ್ಕೂ ಹರಳು ಗಿಡ. "ನಿಮ್ಮೋರ್ಗೆ ನೀರು ಜಾಸ್ತಿ ಆಗಿ ಸೊಕ್ಕು ಕಣಮ್ಮಿ" ಎಂದು ಊರನ್ನೆಲ್ಲ ಒಂದೇ ಮಾತಿನಲ್ಲಿ ಬಯ್ಯುತ್ತಿದ್ದಳು. ಬಯ್ದವಳೇ ಎಲ್ಲರಿಗಿಂತ ಮೊದಲು ಗದ್ದೆಗೆ ಇಳಿಯುತ್ತಿದ್ದಳು. ನಾಟಿ, ಕಳೆ, ಕಬ್ಬಿನ ಕೆಲಸ ಎಲ್ಲದರಲ್ಲೂ ಮುಂದು.

ಅವಳಿಗೆ ಒಂದು ಹಸು ಇತ್ತು, ಕೆಂಪಿ. ಮೊದಲ ಬಾಣಂತನ ಮುಗಿಸಿ ತವರಿನಿಂದ ಹೊರಟಾಗ ಅವರಮ್ಮ ಕೂಸಿನ ಜೊತೆಗೆ ಒಂದು ಹೆಣ್ಣು ಕರುವನ್ನೂ ಕಳಿಸಿದ್ದರು. ಮಗುವಿಗೆ ಹಾಲಿರಲಿ ಎಂದು ಹೀಗೆ ಕಳಿಸುವುದು ಅವರ ಮನೆಯ ಪದ್ಧತಿ. ಆ ಕರುವೇ ಬೆಳೆದು ಕೆಂಪಿಯಾಗಿತ್ತು. ಗದ್ದೆ ಮಾವನದು, ಮನೆ ಗಂಡನದು, ಕೆಂಪಿ ಮಾತ್ರ ತನ್ನದು ಎಂದು ಅಕ್ಕ ಹೇಳುತ್ತಿದ್ದಳು. ಕೆಂಪಿಗೂ ಅದು ಗೊತ್ತಿತ್ತೋ ಏನೋ, ಅಕ್ಕನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹಾಲು ಕೊಡುತ್ತಿರಲಿಲ್ಲ. ಅಕ್ಕನ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಅವರು ಚೊಂಬು ಹಿಡಿದು ಹತ್ತಿರ ಹೋದರೆ ಸಾಕು, ಕೊಟ್ಟಿಗೆಯಲ್ಲಿ ದೊಡ್ಡ ರಂಪವೇ ಆಗುತ್ತಿತ್ತು.

ಒಂದು ಮಾಗಿಯಲ್ಲಿ ಅಕ್ಕನ ಕೈ ಕೆಟ್ಟಿತು. ಕಬ್ಬಿನ ಗರಿ ಕೊಯ್ದ ಗಾಯ ಆರುವ ಮೊದಲೇ ಬರಿಗೈಯಲ್ಲಿ ಯೂರಿಯಾ ಎರಚಿದಳು, ಅದರ ಮೇಲೆ ನಾಟಿಯ ಕೆಸರು, ಮನೆಗೆ ಬಂದು ಬಟ್ಟೆ ಸೋಪಿನಲ್ಲಿ ಕೈ ಉಜ್ಜಿ ತೊಳೆಯುವುದು. ಅಂಗೈ ಬರಗಾಲದ ಕೆರೆಯಂತೆ ಬಿರಿದು ರಕ್ತ ಜಿನುಗತೊಡಗಿತು. ಮುದ್ದೆ ಕಟ್ಟಲು ಆಗುತ್ತಿರಲಿಲ್ಲ. ಅದಕ್ಕೆಲ್ಲ ಅವಳು ಜಗ್ಗಲಿಲ್ಲ. ಆದರೆ ಒಂದು ಬೆಳಿಗ್ಗೆ ಕೆಂಪಿ ಒದ್ದು ಹಾಲಿನ ಪಾತ್ರೆ ಉರುಳಿಸಿದಳು. ಆ ಒರಟು ಕೈ ಮೊಲೆಯನ್ನು ಗೀರುತ್ತಿತ್ತು. ಆವತ್ತು ಮೊದಲ ಸಲ ಅಕ್ಕನ ಕಣ್ಣಲ್ಲಿ ನೀರು ನೋಡಿದೆ.

ಯಾರೋ ಬೇವಿನೆಣ್ಣೆ ಹಚ್ಚು, ಗಾಯ ಮಾಯುತ್ತದೆ ಎಂದರು. ಹಚ್ಚಿದಳು. ಧಾರಾಳವಾಗಿ ಹಚ್ಚಿಕೊಂಡು, ಹಾಗೇ ಹೋಗಿ ಕೆಂಪಿಯ ಕೆಚ್ಚಲು ಸವರಿ ಕರುವನ್ನು ಬಿಟ್ಟಳು. ಕರು ಒಂದು ಸಲ ಬಾಯಿ ಹಾಕಿ, ತಲೆ ಕೊಡವಿ, ದೂರ ಹೋಗಿ ನಿಂತುಕೊಂಡಿತು. ಕರು ಚೀಪದೆ ಕೆಂಪಿ ಹಾಲು ಇಳಿಸುವುದಿಲ್ಲ. ಕರುವಿಗೆ ಹಾಲು ಬಿಡಿಸಬೇಕಾದಾಗ ನಮ್ಮ ಕಡೆ ಎಲ್ಲರೂ ಮೊಲೆಗೆ ಬೇವನ್ನೇ ಹಚ್ಚುವುದು. ಎಷ್ಟೋ ಕರುಗಳಿಗೆ ಅಕ್ಕನೇ ಹಚ್ಚಿದ್ದಳು. ಆ ಹೊತ್ತಿಗೆ ಮರೆತಿದ್ದಳು. ಗೋಡೆಯ ಮೇಲಿಂದ ನೋಡುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡ ಕಣಮ್ಮಿ, ನನ್ ಬುದ್ದಿಗೆ ನಾನೇ ಬೇವು ಅಚ್ಚಿದೆ" ಎಂದು ಅವಳೂ ನಕ್ಕಳು. ನಗುತ್ತಲೇ ಬಿಸಿನೀರು, ಸೀಗೆಪುಡಿ ಹಾಕಿ ಕೆಚ್ಚಲು ತೊಳೆದಳು. ಆದರೆ ಕಹಿ ಬೇಗ ಹೋಗುತ್ತದೆಯೇ? ಸಂಜೆಯ ಹೊತ್ತಿಗೆ ಕೆಚ್ಚಲು ಕಲ್ಲಾಗಿತ್ತು.

ಭಾವ ಕೆಟ್ಟವರಲ್ಲ. ಅತ್ತ ಹಸುವಿನ ಕೆಚ್ಚಲು ಬಾತಿದೆ, ಇತ್ತ ಹೆಂಡತಿಯ ಕೈ ರಕ್ತವಾಗಿದೆ. ಏನು ಮಾಡಿಯಾರು? "ಕೊಟ್ಬುಡನ ಕಣೆ. ನೀನೂ ಉಳ್ಕತೀಯ, ಅದೂ ಉಳ್ಕತದೆ" ಅಂದರು. ಪಾಂಡವಪುರದ ದಲ್ಲಾಳಿಗೆ ಹೇಳಿಯೂ ಬಂದರು. ಅಮಾವಾಸ್ಯೆ ಕಳೆದ ಮೇಲೆ ಬಂದು ಹಸು ಹೊಡೆದುಕೊಂಡು ಹೋಗುವುದೆಂದು ಮಾತಾಯಿತು.

ಅಕ್ಕ ಜಗಳ ಮಾಡಲಿಲ್ಲ. "ಅಮಾಸೆವರ್ಗೂ ಟೇಮ್ ಅದೆ ತಾನೆ? ಸರಿ" ಅಂದಳು, ಅಷ್ಟೇ. ಅವಳು ಜಗಳ ಮಾಡಿದ್ದರೆ ಭಾವ ಗೆಲ್ಲುವ ಸಂಭವವಿತ್ತು. ಅವಳು ಸುಮ್ಮನಾದಳೆಂದರೆ ಮುಗಿಯಿತು ಎಂದು ನನಗಂತೂ ಗೊತ್ತಿತ್ತು.

ಮಾರನೆಯ ದಿನ ಕೆಂಪಿಯನ್ನು ಹೇಗೋ ಪುಸಲಾಯಿಸಿ, ಒಡೆದ ಅಂಗೈ ತಾಗಿಸದೆ ಎರಡೇ ಬೆರಳಲ್ಲಿ ಹಾಲು ಹಿಂಡಿಟ್ಟು ಬಸ್ಸು ಹತ್ತಿದಳು. ತವರಿಗೆ ಹೋಗಿ ಸಂಜೆಗೇ ತಿರುಗಿ ಬಂದಳು. ಕಂಕುಳಲ್ಲಿ ಒಂದು ಗಂಟು ಹರಳು, ಸೆರಗಿನಲ್ಲಿ ಅವಳ ಅಣ್ಣ ಕೊಟ್ಟ ಜೇನುಮೇಣದ ಉಂಡೆ. ಅವರಮ್ಮ ಕೈ ನೋಡಿ ಬಯ್ದರಂತೆ. "ಕೆಂಪಿ ಉಟ್ಟಿದ್ದು ಈ ಮನೇಲಿ. ಅವ್ಳವ್ವನ ಕೆಚ್ಲಿಗೆ ನಾನು ಅಳ್ಳೆಣ್ಣೆನೇ ಸವರ್ತಿದ್ದೆ. ತವರಿನ್ ವಾಸ್ನೆ ನಿಂಗೆ ಮರ್ತೋದ್ರೂ ಅವ್ಳಿಗೆ ಮರ್ಯಾಕಿಲ್ಲ" ಅಂದರಂತೆ.

ಆವತ್ತಿನಿಂದ ಶುರುವಾಯಿತು ನೋಡಿ. ಹಿತ್ತಲಿನಲ್ಲಿ ಎಣ್ಣೆ ಕಾಯಿಸಿ, ಮೇಣ ಕರಗಿಸಿ ಸೇರಿಸಿ, ಒಂದು ಹಳೆಯ ಸ್ನೋ ಡಬ್ಬಿಗೆ ತುಂಬಿದಳು. ಬಟ್ಟೆ ಸೋಪು ಬಿಟ್ಟು ಕಡಲೆಹಿಟ್ಟಿನಲ್ಲಿ ಕೈ ತೊಳೆದಳು. ತೊಳೆದ ಕೈ ಪೂರ್ತಿ ಒಣಗುವ ಮೊದಲೇ ಎಣ್ಣೆ ತಿಕ್ಕುವಳು. ಗದ್ದೆಯಿಂದ ಬಂದ ಮೇಲೆ ಮಾತ್ರವಲ್ಲ, ಹೋಗುವ ಮೊದಲೂ ಹಚ್ಚುವಳು. ಮಲಗುವಾಗ ಮಗನ ಹಳೆಯ ಕಾಲುಚೀಲವನ್ನು ಎರಡೂ ಕೈಗೆ ತೊಟ್ಟುಕೊಳ್ಳುವಳು. ಕೂಲಿಯನ್ನಂತೂ ಬಿಡುವ ಹಾಗಿರಲಿಲ್ಲ. ನಾಟಿಯವರ ಹತ್ತಿರ ಕೆಲಸ ಬದಲಾಯಿಸಿಕೊಂಡಳು. ಬಗ್ಗಿ ನೆಡುವುದು ಬಿಟ್ಟು, ಯಾರಿಗೂ ಬೇಡವಾದ, ಪೈರಿನ ಕಟ್ಟು ತಲೆಯ ಮೇಲೆ ಹೊರುವ ಕೆಲಸ ಹಿಡಿದಳು. ಕಟ್ಟಿನ ನೀರು ಕತ್ತು, ಬೆನ್ನಿನ ಮೇಲೆಲ್ಲ ಸುರಿಯುತ್ತಿತ್ತು. ಕತ್ತು ಬಿದ್ದರೂ ಸರಿ, ಕೈ ಕೆಸರಲ್ಲಿ ನೆನೆಯಬಾರದು ಎಂಬುದು ಅವಳ ಲೆಕ್ಕ.

ನಾಟಿಯ ಹೆಂಗಸರು ಸುಮ್ಮನಿರುವ ಜಾತಿಯೇ? "ಏನಕ್ಕಯ್ಯಾ, ಮದ್ವೆ ಗಿದ್ವೆ ಗೊತ್ತಾಗದಾ? ಕೈಗೆಲ್ಲ ಎಣ್ಣೆ ಅಚ್ಕೊಂಡು ಮದ್ಲಿಂಗಿತ್ತಿ ಆಗ್ಬುಟ್ಟಿದ್ದೀಯ" ಎಂದು ಗದ್ದೆ ತುಂಬ ನಗೆ ಎಬ್ಬಿಸಿದರು.

ಅಕ್ಕ ಕಟ್ಟನ್ನು ಬದುವಿನ ಮೇಲೆ ಕುಕ್ಕಿ, ಸೊಂಟದ ಮೇಲೆ ಕೈ ಇಟ್ಟಳು. "ಕುಡ್ಲು ಮೊಂಡಾದ್ರೆ ಮಸೀತೀರಿ. ಗಾಡಿ ಕೀಲ್ಗೆ ಎಣ್ಣೆ ಬುಡ್ತೀರಿ. ಟ್ರಾಕ್ಟರ್ಗೆ ಗ್ರೀಸು ಮೆತ್ತೀರಿ. ದುಡಿಯೋ ಕೈಗೆ ಎಣ್ಣೆ ಆಕುದ್ರೆ ಮಾತ್ರ ಸೋಕಿನಾ? ನಗ್ರವ್ವ, ನಗ್ರಿ. ನಿಮ್ ಕೈ ಒಡ್ದಾಗ ನಮ್ಮನೆ ಬಾಗ್ಲಿಗೇ ಬರ್ಬೇಕು."

ನಗು ನಿಲ್ಲಲಿಲ್ಲ. ಆದರೆ ಒಬ್ಬಿಬ್ಬರು ತಮ್ಮ ಅಂಗೈ ನೋಡಿಕೊಂಡಿದ್ದನ್ನು ನಾನು ನೋಡಿದೆ.

ಅಷ್ಟು ದಿನವೂ ಅಕ್ಕ ಕೆಂಪಿಯನ್ನು ಎರಡು ಬೆರಳಲ್ಲೇ ಹಿಂಡಿ, ಹೇಗೋ ಕೆಚ್ಚಲು ಖಾಲಿ ಮಾಡುತ್ತಿದ್ದಳು. ಮುಷ್ಟಿ ತುಂಬ ಹಿಡಿದು ಕರೆಯಲು ಹೋಗಲಿಲ್ಲ. ಎಣ್ಣೆ ಕೈಯಲ್ಲಿ ಬರೀ ಸವರುವುದು, ಮಾತಾಡಿಸುವುದು. ಒಮ್ಮೆ ಹೆದರಿದ ಹಸು, ಕೈ ವಾಸಿಯಾಗುವ ತನಕ ಇನ್ನೊಮ್ಮೆ ಹೆದರಬಾರದು ಎನ್ನುತ್ತಿದ್ದಳು. ಅಮಾವಾಸ್ಯೆಯೂ ಬಂತು, ಹೋಯಿತು. ಮರುದಿನ ಬೆಳಿಗ್ಗೆ ದಲ್ಲಾಳಿ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದು ನಿಂತ. ಭಾವ ಕೊಟ್ಟಿಗೆಯ ಬಾಗಿಲಲ್ಲಿ ನೆಲ ನೋಡುತ್ತ ನಿಂತರು. ನಾನು ಒಲೆಯ ಮೇಲಿನ ಹಾಲನ್ನೂ ಮರೆತು ಗೋಡೆಗೆ ಆತುಕೊಂಡೆ.

"ಕರೆದು ತೋರುಸ್ತೀನಿ. ಕೆಂಪಿ ಕಾಲೆತ್ತಿದ್ರೆ ಒಡ್ಕೊಂಡೋಗಿ, ನಾನು ಒಂದ್ಮಾತು ಅನ್ನಾಕಿಲ್ಲ" ಅಂದಳು ಅಕ್ಕ.

ಕುಕ್ಕರಗಾಲಲ್ಲಿ ಕೂತಳು. ಅಂಗೈಗೆ ಎಣ್ಣೆ ತಿಕ್ಕಿ ಕೆಂಪಿಯ ಮೂಗಿನ ಹತ್ತಿರ ಹಿಡಿದಳು. ಕೆಂಪಿ ಮೂಸಿದಳು. ಕರು ಬಂದು ಚೀಪಿತು. ಕರುವನ್ನು ಎಳೆದು ಕಟ್ಟಿ, ಪಾತ್ರೆಯನ್ನು ಮಂಡಿಯ ಸಂದಿಗೆ ಸಿಕ್ಕಿಸಿಕೊಂಡು, ಮುಷ್ಟಿ ತುಂಬ ಹಿಡಿದು ಎಳೆದಳು. ಕೆಂಪಿಯ ತೊಡೆಯ ಚರ್ಮ ಒಂದು ಸಲ ಅದುರಿತು. ಕಾಲು ಏಳಲಿಲ್ಲ. ಆಮೇಲೆ ಕೇಳಿಸಿದ್ದು ಪಾತ್ರೆಗೆ ಹಾಲು ಬೀಳುವ ಸದ್ದು ಮಾತ್ರ. ನೊರೆ ಅಂಚಿನವರೆಗೆ ಬಂತು.

ಅಕ್ಕ ತುಂಬಿದ ಪಾತ್ರೆಯನ್ನು ಭಾವನ ಕೈಗೆ ಕೊಟ್ಟು, "ಪಾಪ, ಅಷ್ಟ್ ದೂರ್ದಿಂದ ಬಂದವ್ರೆ. ಟೀ ಕಾಯುಸ್ತೀನಿ, ಕುಡ್ಕೊಂಡೋಗ್ಲಿ" ಅಂದಳು. ದಲ್ಲಾಳಿ ಆ ಹಾಲಿನಲ್ಲೇ ಮಾಡಿದ ಟೀ ಕುಡಿದು, ಖಾಲಿ ಹಗ್ಗ ಹೊತ್ತು ಹೋದ. ಭಾವ ಸಂಜೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವಾಗ ಒಂದು ಜೊತೆ ರಬ್ಬರ್ ಕೈಗವಸು ತಂದುಕೊಟ್ಟರು, ಯೂರಿಯಾ ಎರಚಲು. ಅದಕ್ಕಿಂತ ದೊಡ್ಡ ಕ್ಷಮಾಪಣೆ ಅವರ ಬಾಯಲ್ಲಿ ಬರುವಂತಿರಲಿಲ್ಲ.

ಮುಂದಿನ ವರ್ಷದಿಂದ ಮಾಗಿ ಬಂತೆಂದರೆ ಅಕ್ಕನ ಹಿತ್ತಲಿನಲ್ಲಿ ಈ ವಾಸನೆ. ನಕ್ಕಿದ್ದ ಹೆಂಗಸರೇ ಡಬ್ಬಿ ಹಿಡಿದು ಬರುತ್ತಿದ್ದರು. ಎಲ್ಲರಿಗೂ ಕೊಡುತ್ತಿದ್ದಳು, ಬಯ್ಯದೆ ಮಾತ್ರ ಯಾರಿಗೂ ಕೊಡಲಿಲ್ಲ. ನನಗೆ ಬಿಸಿಯೂಟದ ಕೆಲಸ ಸಿಕ್ಕ ಹೊಸತರಲ್ಲಿ ಒಂದು ಮಧ್ಯಾಹ್ನ ಜಗಲಿಯ ಮೇಲೆ ಕೂರಿಸಿಕೊಂಡು, ನನ್ನ ಒಂದೊಂದೇ ಬೆರಳಿಗೂ ತಾನೇ ತಿಕ್ಕಿದ್ದಳು. ಮದುವೆಯಾಗಿ ಬಂದ ಮೇಲೆ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದು ಕೂತವರು ಬೇರೆ ಯಾರೂ ಇಲ್ಲ. ನನಗೆ ಅಳು ಬಂದಿತ್ತು. ಉರಿಗೆ ಎಂದು ಅವಳು ತಿಳಿದಳು, ನಾನೂ ಹಾಗೇ ಬಿಟ್ಟೆ.

ಅಕ್ಕ ಹೋಗಿ ಇದು ಎರಡನೇ ಮಾಗಿ. ಒಂದು ವಾರದ ಜ್ವರ, ಅಷ್ಟೇ... ಕೊನೆಯ ಸ್ನಾನಕ್ಕೆ ನೀರು ಹಾಕಿದವರಲ್ಲಿ ನಾನೂ ಒಬ್ಬಳು. ಅವಳ ಕೈ ಹಿಡಿದು ತೊಳೆದೆ. ಅಷ್ಟು ದುಡಿದ ಕೈಯಲ್ಲಿ ಒಂದು ಬಿರುಕೂ ಇರಲಿಲ್ಲ. ಅವಳ ಮಗನಿಗೆ ಟ್ರಾಕ್ಟರಿನ ಕೆಲಸ, ಸೊಸೆ ಗಾರ್ಮೆಂಟ್ಸಿಗೆ ಹೋಗುವವಳು. "ಅವ್ವ ಸಾಕಿದ್ದು, ಮಾರಕ್ಕೆ ಮನ್ಸಿಲ್ಲ, ನೀವೇ ಇಟ್ಕಳಿ ಚಿಕ್ಕವ್ವ" ಎಂದು ಹಸುವಿನ ಹಗ್ಗ ತಂದು ನನ್ನ ಕೈಗೆ ಕೊಟ್ಟರು. ಆ ಹಸುವೇ ಗೌರಿ, ಕೆಂಪಿಯ ಮಗಳ ಮಗಳು.

ಇವತ್ತು ಸಂಜೆ ಎಣ್ಣೆ ಆರಿತ್ತು. ಕಡಲೆಹಿಟ್ಟಿನಲ್ಲಿ ಕೈ ತೊಳೆದು, ಹಸಿ ಇರುವಾಗಲೇ ಹಚ್ಚಿ ತಿಕ್ಕಿದೆ. ಬಿರುಕಿನೊಳಗೆ ಇಳಿದಾಗ ಉರಿಯಿತು. ಉರಿಯಲಿ ಅಂದುಕೊಂಡೆ. ಮುಷ್ಟಿ ಹಿಡಿಯುವ ಅವಸರವಿಲ್ಲ, ಇನ್ನೂ ಕೆಲವು ದಿನ ಎರಡು ಬೆರಳೇ ಸಾಕು. ಕೊಟ್ಟಿಗೆಗೆ ಹೋಗಿ ಅಂಗೈಯನ್ನು ಗೌರಿಯ ಮೂಗಿನ ಹತ್ತಿರ ಹಿಡಿದೆ.

ಅವಳು ಮೂಸಿದಳು. ಕಿವಿ ನಿಮಿರಿತು. ಮೂರು ದಿನದಿಂದ ನನ್ನನ್ನು ಹತ್ತಿರ ಸೇರಿಸದವಳು ಅಂಗೈಯನ್ನು ನೆಕ್ಕಿ, ಕತ್ತು ಚಾಚಿ, ನನ್ನನ್ನು ದಾಟಿ ಗೋಡೆಯಾಚೆಗೆ ನೋಡಿ "ಅಂಬಾ" ಎಂದು ಕೂಗಿದಳು. ನೋಡುತ್ತಲೇ ನಿಂತಳು.

"ಅಕ್ಕ ಬರಾಕಿಲ್ಲ ಕಣವ್ವ" ಅಂದೆ. "ಇನ್ಮೇಲೆ ನಾನೇಯ."